ಅರ್ಧ ಓದಿದವರ ಮಾತು

ನಮ್ಮ ಸೀಮೆಯಲ್ಲಿ ಓದುವ ಚಟ ಇದ್ದವರು ದಾರಿಯಲ್ಲಿ ಎದುರಾದರೆ ಮೊದಲು ಮಳೆಯ ಸುದ್ದಿ ಕೇಳುತ್ತಾರೆ, ಆಮೇಲೆ ಮನೆಮಂದಿಯದು. ಅದು ಮುಗಿಯಿತೆಂದರೆ "ಈಗ ಏನ್ ಓದಾಕ ಹತ್ತೀರಿ?" ಎಂಬುದು ಬಂದೇ ಬರುತ್ತದೆ. ಪುಸ್ತಕದ ಹೆಸರು ಹೇಳಿ ಮುಂದೆ ಹೋಗುವ ಹಾಗಿಲ್ಲ. ಎಲ್ಲಿತನಕ ಬಂದಿರಿ, ಹೆಂಗನ್ನಿಸಾಕ ಹತ್ತೈತಿ, ಯಾರ ಮ್ಯಾಲ ಸಿಟ್ಟು ಬಂತು, ಎಲ್ಲಾ ಹೇಳಬೇಕು. ಹಗರಿಬೊಮ್ಮನಹಳ್ಳಿಯಲ್ಲಿ ಹುಟ್ಟಿ ಬೆಳೆದ ನಾನು ಕೂಡ್ಲಿಗಿ, ಹರಪನಹಳ್ಳಿ, ಹಡಗಲಿ, ಕೊಟ್ಟೂರು ಎಂದು ವರ್ಗವಾಗುತ್ತ ಹೈಸ್ಕೂಲುಗಳಲ್ಲಿ ಕನ್ನಡ ಪಾಠ ಹೇಳಿದವಳು. ಈ ಐದೂರಿನ ಓದುಗರ ಬಾಯಲ್ಲಿ ಕೇಳಿದ ಮಾತುಗಳು ನನಗೆ ಎಂ.ಎ. ತರಗತಿಯ ವಿಮರ್ಶೆಯ ಪಾಠಕ್ಕಿಂತ ಹೆಚ್ಚು ಕಲಿಸಿವೆ. ಅವನ್ನು ಬರೆದಿಡಬೇಕೆಂಬುದು ಬಹಳ ದಿನದ ಆಸೆ.

ವಿಮರ್ಶಕರು ಪುಸ್ತಕ ಮುಗಿಸಿ, ಮತ್ತೊಮ್ಮೆ ತಿರುವಿ ಹಾಕಿ ಬರೆಯುತ್ತಾರೆ. ಅದು ಬೇಕಾದದ್ದೇ. ಆದರೆ ಓದುಗನೊಬ್ಬ ಕಾದಂಬರಿಯ ನಟ್ಟನಡುವೆ ನಿಂತು, ಮುಂದೇನಾಗುತ್ತದೆಂದು ಗೊತ್ತಿಲ್ಲದೆ ಆಡುವ ಮಾತಿನಲ್ಲಿ ಬೇರೆಯದೇ ಒಂದು ಸತ್ಯ ಇರುತ್ತದೆ. ಆಗ ಅವನಿಗೆ ಆ ಜನ ಇನ್ನೂ ಬದುಕಿದ್ದಾರೆ. ಅವರಿಗೆ ಬುದ್ಧಿ ಹೇಳುತ್ತಾನೆ, ಬೈಯುತ್ತಾನೆ, ಅವರಿಗಾಗಿ ಹೆದರುತ್ತಾನೆ. ಮುಗಿಸಿದ ಮೇಲೆ ಎಲ್ಲರೂ ಸ್ವಲ್ಪ ಜಾಣರಾಗಿಬಿಡುತ್ತಾರೆ.

ಈ ಐದೂರುಗಳ ನಡುವೆ ಬಸ್ಸಿನಲ್ಲಿ ಹೋದರೆ ಒಂದರಿಂದ ಇನ್ನೊಂದಕ್ಕೆ ಗಂಟೆ, ಒಂದೂವರೆ ಗಂಟೆಯ ದಾರಿ. ಪುಸ್ತಕಗಳೂ ಬಸ್ಸಿನಲ್ಲೇ ತಿರುಗುತ್ತಿದ್ದವು. ಪರಿಚಯದ ಕಂಡಕ್ಟರನ ಕೈಗೆ ಕಾಗದ ಸುತ್ತಿದ ಪುಸ್ತಕ ಕೊಟ್ಟರೆ ಸಂಜೆಯೊಳಗೆ ಕೊಟ್ಟೂರಿನ ಬಸ್‌ಸ್ಟ್ಯಾಂಡಿನ ಪೇಪರ್ ಅಂಗಡಿಗೆ ಮುಟ್ಟುತ್ತಿತ್ತು. ಒಳಗೊಂದು ಚೀಟಿ ಇರುತ್ತಿತ್ತು: "ನಲವತ್ತು ಪುಟ ತಾಳ್ಮೆಯಿಂದ ಓದಿ, ಆಮೇಲೆ ತಾನೇ ಹಿಡಿದುಕೊಳ್ಳುತ್ತದೆ." ಸರ್ಕಾರದ ಗೆರೆಗಳು ಈ ನಡುವೆ ಎಷ್ಟೋ ಬದಲಾದವು. ಮದ್ರಾಸ್ ಆಡಳಿತದಲ್ಲಿದ್ದ ಬಳ್ಳಾರಿ ಸೀಮೆ 1953ರ ಅಕ್ಟೋಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಸೇರಿತು. 1997ರಲ್ಲಿ ಹರಪನಹಳ್ಳಿ ದಾವಣಗೆರೆ ಜಿಲ್ಲೆಗೆ ಹೋಯಿತು, ಹೋರಾಟದ ಫಲವಾಗಿ ಮತ್ತೆ ಬಳ್ಳಾರಿಗೆ ಬಂತು. 2021ರಲ್ಲಿ ಐದೂ ತಾಲೂಕುಗಳು ಹೊಸ ವಿಜಯನಗರ ಜಿಲ್ಲೆಯ ಪಾಲಾದವು. ಹರಪನಹಳ್ಳಿ ಬೇರೆ ಜಿಲ್ಲೆಯಲ್ಲಿದ್ದಾಗಲೂ ಅಲ್ಲಿಂದ ನನಗೆ ಚೀಟಿಯಿಟ್ಟ ಪುಸ್ತಕ ಬರುವುದು ನಿಲ್ಲಲಿಲ್ಲ.

ಹಗರಿಬೊಮ್ಮನಹಳ್ಳಿಯಲ್ಲಿ ನನ್ನ ಓದು ಶುರುವಾದದ್ದು ಶಾಖಾ ಗ್ರಂಥಾಲಯದಲ್ಲಿ. ಅಲ್ಲಿನ ಕಾದಂಬರಿಗಳನ್ನು ಈಗಿನ ಮಕ್ಕಳು ನೋಡಿದರೆ ಮೂಗು ಮುರಿದಾರು. ರಟ್ಟು ಬಿಚ್ಚಿ ಮತ್ತೆ ಹೊಲಿದದ್ದು, ನೇರಳೆ ಬಣ್ಣದ ಮೊಹರು ಒತ್ತಿದ್ದು, ಹಿಂದೆ ತಾರೀಖಿನ ಚೀಟಿ ಅಂಟಿಸಿದ್ದು. ನನಗೆ ಅಲ್ಲಿ ಸಿಕ್ಕ ದೊಡ್ಡ ಸಂಪತ್ತು ಪುಟಗಳ ಅಂಚಿನಲ್ಲಿತ್ತು. ಒಂದು ಸಾಮಾಜಿಕ ಕಾದಂಬರಿಯ ಪ್ರತಿ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಮೊದಲ ಪುಟದ ಮೇಲೆ ದುಂಡಗಿನ ಅಕ್ಷರದಲ್ಲಿ ಪೆನ್ಸಿಲಿನಿಂದ "ಬಹಳ ಚೆನ್ನಾಗಿದೆ, ತಪ್ಪದೆ ಓದಿರಿ". ಅದರ ಕೆಳಗೆ ಬೇರೆ ಕೈ, ನೀಲಿ ಮಸಿಯಲ್ಲಿ, "ನಿಮಗೆ ಚೆನ್ನಾಗಿರಬಹುದು". ಮೂವತ್ತು-ನಲವತ್ತು ಪುಟ ದಾಟಿದ ಮೇಲೆ ನಾಯಕ ತಾಯಿಯ ಮಾತಿಗೆ ಸುಮ್ಮನಾಗುವ ಕಡೆ ಅಂಚಿನಲ್ಲಿ "ಹೇಡಿ" ಎಂದು ಒಂದೇ ಮಾತು, ಪುಟ ಹರಿಯುವ ಹಾಗೆ ಒತ್ತಿ ಬರೆದದ್ದು. ಅದಕ್ಕೆ ಬಾಣದ ಗುರುತು ಹಾಕಿ ಸಣ್ಣಕ್ಷರದಲ್ಲಿ ಇನ್ನೊಬ್ಬರು: "ಮನೆಗೆ ಹಿರಿಮಗನಾಗಿ ಹುಟ್ಟಿ ನೋಡಿ, ಆಮೇಲೆ ಹೇಳಿ." ಮುಂದೆ ಮದುವೆಯ ಅಧ್ಯಾಯದ ಕೊನೆಗೆ "ಇಲ್ಲಿಗೆ ನಿಲ್ಲಿಸಿದರೆ ಸಾಕು" ಎಂದು ಯಾರೋ ಬರೆದಿದ್ದರು. ಅದರ ಪಕ್ಕಕ್ಕೆ, ನನ್ನ ಓರಿಗೆಯ ಹುಡುಗಿಯದೇ ಇರಬೇಕು ಎನ್ನಿಸುವ ಎಳೆಯ ಅಕ್ಷರ: "ನಾನು ನಿಲ್ಲಿಸಿದೆ."

ಗ್ರಂಥಾಲಯದ ಪುಸ್ತಕದಲ್ಲಿ ಗೀಚಬಾರದೆಂದು ಗೋಡೆಯ ಮೇಲೆ ಬರೆದಿತ್ತು. ಆ ನಿಯಮ ಸರಿ, ನನ್ನ ಮಕ್ಕಳಿಗೂ ಅದನ್ನೇ ಹೇಳಿಕೊಟ್ಟಿದ್ದೇನೆ. ಆದರೂ ಆ ಅಂಚುಗಳಿಲ್ಲದಿದ್ದರೆ ಒಂದು ಪುಸ್ತಕದ ಬಗ್ಗೆ ಇಬ್ಬರು ಬೇರೆ ಬೇರೆ ಯೋಚಿಸಬಹುದು, ಇಬ್ಬರೂ ಪ್ರಾಮಾಣಿಕರೇ ಆಗಿರಬಹುದು ಎಂಬುದು ನನಗೆ ಅಷ್ಟು ಚಿಕ್ಕ ವಯಸ್ಸಿಗೆ ತಿಳಿಯುತ್ತಿರಲಿಲ್ಲ. ಮನೆಯಲ್ಲಿ ದೊಡ್ಡವರು ಹೇಳಿದ್ದೇ ಕೊನೆ, ಶಾಲೆಯಲ್ಲಿ ಮೇಷ್ಟ್ರು ಹೇಳಿದ್ದೇ ಕೊನೆ. ಆ ಪುಟಗಳಲ್ಲಿ ಮಾತ್ರ ಹೆಸರಿಲ್ಲದ ಜನ ಸರಿಸಮನಾಗಿ ವಾದ ಮಾಡುತ್ತಿದ್ದರು.

ಕೂಡ್ಲಿಗಿಯ ಶಾಲೆಯಲ್ಲಿ ಒಬ್ಬ ಅಟೆಂಡರ್ ಇದ್ದ. ಕುರಿ ಸಾಕಿದ ಮನೆತನದವನು, ಏಳನೆಯ ತರಗತಿಗೇ ಶಾಲೆ ಬಿಟ್ಟವನು, ಬೆಲ್ಲು ಹೊಡೆದು ಬಂದು ನಮ್ಮ ಸ್ಟಾಫ್ ರೂಮಿನ ಬೀರುವಿನ ಪಕ್ಕದ ಸ್ಟೂಲಿನ ಮೇಲೆ ಕೂತು ಏನಾದರೂ ಓದುತ್ತಿದ್ದ. ಒಂದು ಬೇಸಗೆಯ ಹೊತ್ತಿಗೆ ಅವನ ಕೈಗೆ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಬಂತು. 1967ರಲ್ಲಿ ಬಂದ ಆ ಕಾದಂಬರಿಯ ಗಾತ್ರ ನೋಡಿಯೇ ಎಷ್ಟೋ ಮಂದಿ ಪದವೀಧರರು ಹಿಂದೆ ಸರಿಯುತ್ತಾರೆ. ಅವನು ಸರಿಯಲಿಲ್ಲ. ಮೊದಲ ವಾರವೇ ಬಂದು, "ಅಕ್ಕೋರೆ, ಇದರಾಗ ನಾಯಿ ಚಲೋ ಐತ್ರೀ" ಎಂದ. ನಾಯಿಗುತ್ತಿಯ ಜೊತೆ ಬರುವ ಹುಲಿಯನ ಮಾತು ಅದು. ಗುತ್ತಿ ಯಾರು, ಯಾವ ಹೆಗ್ಗಡೆಯ ಮನೆಯ ಜೀತದವನು, ಯಾರಿಗೆ ಯಾರು ಏನಾಗಬೇಕು ಎಂಬ ಯಾವ ಗೋಜಲಿಗೂ ಅವನು ಹೆದರಲಿಲ್ಲ. ನಾಯಿಯನ್ನು ಹಿಡಿದುಕೊಂಡು ಆ ಕಾಡಿನೊಳಗೆ ನಡೆದುಬಿಟ್ಟ.

ಅವನಿಗೆ ನಂಬಿಕೆ ಬಾರದಿದ್ದದ್ದು ಮಳೆ. ನಮ್ಮದು ಮಳೆಗಾಗಿ ಮುಖ ಮೇಲೆ ಮಾಡಿ ಕೂತ ಸೀಮೆ. ಜೋಳ, ಸಜ್ಜೆ, ಶೇಂಗಾ ಬಿತ್ತಿ ದಿನ ಎಣಿಸುವವರು. "ಇಷ್ಟು ಹುಯ್ದ್ರ ಒಕ್ಕಲುತನ ಹೆಂಗ್ರೀ? ಬೀಜ ಕೊಚ್ಚಿ ಹೋಗಂಗಿಲ್ಲೇನ್ರೀ?" ಎಂದು ಕೇಳುತ್ತಿದ್ದ. ಮಲೆನಾಡಿನ ಗದ್ದೆ, ಅಡಿಕೆ, ಜಿಗಣೆ, ಕಂಬಳಿಕೊಪ್ಪೆ ಎಲ್ಲವನ್ನೂ ನಾನು ತಿಳಿದಷ್ಟು ಹೇಳುತ್ತಿದ್ದೆ. ಒಂದು ದಿನ ಅವನೇ ಒಂದು ಮಾತು ಹೇಳಿದ: "ಅಲ್ಲಿ ನೀರು ಹೆಚ್ಚಾಗಿ ಬಡವ ಸಾಯ್ತಾನ, ಇಲ್ಲಿ ನೀರಿಲ್ದ ಸಾಯ್ತಾನ. ಒಡೇರು ಮಾತ್ರ ಎರಡೂ ಕಡಿ ಒಂದೇ ನಮೂನಿ ಅದಾರ." ಆ ಕಾದಂಬರಿಯ ಬಗ್ಗೆ ನಾನು ಓದಿದ ಲೇಖನಗಳು ಒಂದೆರಡಲ್ಲ. ಮಕ್ಕಳಿಗೆ ಅದನ್ನು ಪರಿಚಯಿಸುವಾಗ ನಾನು ಹೇಳುತ್ತ ಬಂದದ್ದು ಈ ಮಾತನ್ನೇ.

ಅವನಿಗಿಂತ ಮೊದಲೇ ನಾನು ಅದನ್ನು ಓದಿದ್ದೆ. ಹುಲಿಯನ ಗತಿ ಏನಾಗುತ್ತದೆಂದು ನನಗೆ ಗೊತ್ತಿತ್ತು. "ನಾಯಿಗೆ ಏನೂ ಆಗಂಗಿಲ್ಲ ಅಲ್ರೀ?" ಎಂದು ಅವನು ನಡುನಡುವೆ ಕೇಳುವನು. "ಓದು, ತಿಳೀತೈತಿ" ಎನ್ನುತ್ತಿದ್ದೆ. ಮುಂದಿದ್ದವರು ಹಿಂದಿದ್ದವರಿಗೆ ದಾರಿಯ ಕೊನೆ ಹೇಳಬಾರದು, ಇದು ನಮ್ಮಲ್ಲಿ ಯಾರೂ ಬರೆದಿಡದೆ ಎಲ್ಲರೂ ಪಾಲಿಸಿದ ಕಟ್ಟಳೆ. ಪರೀಕ್ಷೆಗಳು ಮುಗಿಯುವ ಹೊತ್ತಿಗೆ ಅವನ ಓದೂ ಮುಗಿಯಿತು. ಪುಸ್ತಕವನ್ನು ಎರಡೂ ಕೈಯಲ್ಲಿ ತಂದು ಮೇಜಿನ ಮೇಲಿಟ್ಟ. "ಅಂಥಾ ನಾಯೀನ ದಾಟಸದ ಬಿಡಬಾರದಿತ್ರೀ" ಎಂದಷ್ಟೇ ಹೇಳಿ ಬೆಲ್ಲು ಹೊಡೆಯಲು ಹೋದ. ಉಕ್ಕಿದ ತುಂಗೆಯನ್ನು ನೋಡದವನು, ಆ ನದಿಯ ಮೇಲೆ ಅವನಿಗಿದ್ದ ಸಿಟ್ಟು ಮುಖದಲ್ಲಿ ಕಾಣುತ್ತಿತ್ತು. ಮುಂದೆ ಎಷ್ಟೋ ದಿನ ಅವನು ಹೊಸ ಪುಸ್ತಕ ಮುಟ್ಟಲಿಲ್ಲ.

ಹರಪನಹಳ್ಳಿಯಲ್ಲಿ ವಾದದ ರೀತಿಯೇ ಬೇರೆ. ಅಲ್ಲಿನ ಜನಕ್ಕೆ ಇತಿಹಾಸ ಮೈಮೇಲಿನ ಅಂಗಿಯಷ್ಟು ಹತ್ತಿರ. ತ.ರಾ.ಸು. ಅವರ 'ದುರ್ಗಾಸ್ತಮಾನ'ಕ್ಕೆ 1985ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅಷ್ಟು ಹೊತ್ತಿಗೆ ಅವರು ತೀರಿಕೊಂಡಿದ್ದರು. ಚಿತ್ರದುರ್ಗದ ಕೊನೆಯ ಮದಕರಿನಾಯಕನ ಕಥೆಯನ್ನು ದುರ್ಗದ ಕಡೆಯವರು ಕಣ್ಣೀರು ಹಾಕಿ ಓದುತ್ತಾರೆ. ಹರಪನಹಳ್ಳಿಯವರೂ ಓದುತ್ತಿದ್ದರು, ಆದರೆ ಎಚ್ಚರದಿಂದ. 1748ರಲ್ಲಿ ಮಾಯಕೊಂಡದ ಕಾಳಗದಲ್ಲಿ ದುರ್ಗದ ಆಗಿನ ನಾಯಕನನ್ನು ಕೊಂದವನು ಇದೇ ಹರಪನಹಳ್ಳಿಯ ಸೋಮಶೇಖರನಾಯಕ. ನಮ್ಮ ಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳುತ್ತಿದ್ದ ಹಿರಿಯ ಮೇಷ್ಟ್ರು ತ.ರಾ.ಸು. ಅವರ ದುರ್ಗದ ಕಾದಂಬರಿಗಳನ್ನು ಒಂದಾದ ಮೇಲೊಂದು ಓದುತ್ತಿದ್ದಾಗ ದಿನಾ ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ನಮಗೆ ವರದಿ ಒಪ್ಪಿಸುತ್ತಿದ್ದರು. "ಬರವಣಿಗಿ ಅಂದ್ರ ಬರವಣಿಗಿ! ಕುದುರಿ ಕಾಲಿನ ಸಪ್ಪಳ ಕೇಳತೈತಿ. ಆದ್ರ ತಾಯೀ, ಕ್ಯಾಮರಾ ದುರ್ಗದ ಬತೇರಿ ಮ್ಯಾಲ ಐತಿ. ನಮ್ಮೂರಿನ ಬತೇರಿ ಮ್ಯಾಲಿಂದ ಒಬ್ರು ಬರೀಬೇಕಿತ್ತು." ದುರ್ಗದ ಕಡೆಯ ಸೊಸೆಯೊಬ್ಬಳು ನಮ್ಮಲ್ಲೇ ಹಿಂದಿ ಹೇಳಿಕೊಡುತ್ತಿದ್ದಳು. ಅವಳು ಬಿಡುತ್ತಿರಲಿಲ್ಲ. ಇಬ್ಬರ ಜಗಳ ಊಟದ ಬಿಡುವಿನ ತನಕ ನಡೆದು, ಅವಳ ಡಬ್ಬಿಯ ರೊಟ್ಟಿಯಲ್ಲಿ ಮುಗಿಯುತ್ತಿತ್ತು. ಐತಿಹಾಸಿಕ ಕಾದಂಬರಿಯೊಂದು ಯಾರ ಕಣ್ಣಿನಿಂದ ನೋಡುತ್ತದೆ ಎಂದು ಆಮೇಲೆ ನಾನು ಎಲ್ಲ ಪುಸ್ತಕಗಳಿಗೂ ಕೇಳುತ್ತ ಬಂದೆ.

ಅದೇ ಹರಪನಹಳ್ಳಿ 1913ರಲ್ಲಿ ಹುಟ್ಟಿದ ಬೀchiಯವರ ಊರು ಎಂಬುದು ಎಲ್ಲರಿಗೂ ಗೊತ್ತು. ಬೀchi ಎಂಬ ಹೆಸರಿನಲ್ಲಿ ಬರೆದ ರಾಯಸಂ ಭೀಮಸೇನರಾವ್ ಅವರ ತಿಮ್ಮನ ಮಾತುಗಳು ಪುಸ್ತಕ ಮುಟ್ಟದವರ ಬಾಯಲ್ಲೂ ಆಡುತ್ತವೆ. ನನಗೆ ಅವರ ಬದುಕಿನಲ್ಲಿ ತುಂಬ ಮುಖ್ಯವೆನಿಸುವುದು ಅವರು ಓದುಗರಾಗಿದ್ದಾಗ ಆದ ಒಂದು ಸಂಗತಿ. ಇಂಗ್ಲಿಷಿನ ಮೋಹದಲ್ಲಿದ್ದು ಕನ್ನಡವನ್ನು ಹತ್ತಿರ ಸೇರಿಸದಿದ್ದ ಅವರು ಅ.ನ.ಕೃ. ಅವರ 'ಸಂಧ್ಯಾರಾಗ' ಓದಿ ಕನ್ನಡಕ್ಕೆ ತಿರುಗಿದರು, ಅ.ನ.ಕೃ. ಅವರನ್ನೇ ಗುರುವೆಂದುಕೊಂಡರು. ಒಂದು ಕಾದಂಬರಿ ಸರಿಯಾದ ಹೊತ್ತಿಗೆ ಒಬ್ಬರ ಕೈಗೆ ಬಿದ್ದದ್ದರಿಂದ ಕನ್ನಡದ ನಗೆಬರಹಕ್ಕೆ ಅಷ್ಟು ದೊಡ್ಡ ಲೇಖಕ ಸಿಕ್ಕ. "ಇದನ್ನ ಓದಿ ನೋಡು" ಎಂಬ ಮಾತನ್ನು ನಾನು ಎಂದೂ ಹಗುರವಾಗಿ ಆಡದಿರುವುದು ಇದೇ ಕಾರಣಕ್ಕೆ.

ಹಡಗಲಿಯಲ್ಲಿ ನಾನು ಬಾಡಿಗೆಗಿದ್ದ ಓಣಿಯಲ್ಲಿ ಮಲ್ಲಿಗೆ ಕಟ್ಟುವ ಮನೆಗಳಿದ್ದವು. ಹೂವಿನ ಹಡಗಲಿ ಎಂಬ ಹೆಸರಿಗೆ ತಕ್ಕ ಊರು. ಬಿಡಿಸಿ ತಂದ ಮೊಗ್ಗನ್ನು ಅರಳುವ ಮೊದಲು ಕಟ್ಟಬೇಕು, ಹಾಗಾಗಿ ಅಲ್ಲಿ ಕೈ ನಿಲ್ಲಿಸಿ ಓದುವ ಪುರುಸೊತ್ತು ಯಾರಿಗೂ ಇಲ್ಲ. ಒಬ್ಬಳು ಗಟ್ಟಿಯಾಗಿ ಓದುವಳು, ಉಳಿದವರು ದಾರ ಎಳೆಯುತ್ತ ಕೇಳುವರು. ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ತ್ರಿವೇಣಿಯವರ 'ಶರಪಂಜರ' ಓದುತ್ತಿದ್ದ ದಿನಗಳು ನೆನಪಿವೆ. ಪುಟ್ಟಣ್ಣ ಕಣಗಾಲರ ಸಿನೆಮಾ 1971ರಲ್ಲೇ ಬಂದದ್ದರಿಂದ ಹಿರಿಯರಿಗೆ ಕಥೆ ಗೊತ್ತಿತ್ತು. ಆದರೂ ಓದಿ ಹೇಳುವಾಗ ಅದು ಹೊಸದೇ ಆಗುತ್ತಿತ್ತು. ಬಾಣಂತನದಲ್ಲಿ ಮನಸ್ಸು ಕೆಟ್ಟ ಕಾವೇರಿ ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬರುತ್ತಾಳೆ. ಬಂದ ಮೇಲೆ ಎಲ್ಲರೂ ಅವಳನ್ನು ನೋಡುವ ರೀತಿಯೇ ಬೇರೆಯಾಗುತ್ತದೆ. ಅಲ್ಲಿಗೆ ಓದು ನಿಂತಾಗ ಆ ಮನೆಯ ಅತ್ತೆ, ದಾರದ ತುದಿ ಹಲ್ಲಿನಲ್ಲಿ ಕಡಿಯುತ್ತ, "ಆಕಿಗೆ ಹುಚ್ಚು ಬಿಟ್ಟೈತಿ. ಮನ್ಯಾಗಿನವ್ರಿಗೆ ಬಿಟ್ಟಿಲ್ಲ" ಎಂದಳು. ಸ್ವಲ್ಪ ಹೊತ್ತಿನ ಮೇಲೆ ಮೂಲೆಯಲ್ಲಿ ಕೂತಿದ್ದ ಸೊಸೆ, ಅತ್ತೆಯ ಎದುರು ಮಾತಾಡಿದ್ದನ್ನೇ ನಾನು ಕಾಣದವಳು, "ಹಂಗಾರ ನಮ್ಮ ಅಕ್ಕನ್ನೂ ಕರಕೊಂಡು ಬರ್ರಿ ಅಂತ ಹೇಳ್ರಿ ಅತ್ತಿ" ಎಂದಳು. ಅವಳ ಅಕ್ಕ ಎಲ್ಲಿದ್ದಳು, ಏನಾಗಿತ್ತು, ನಾನು ಕೇಳಲಿಲ್ಲ. ಪುಸ್ತಕದ ನೆಪವಿಲ್ಲದಿದ್ದರೆ ಆ ಮಾತು ಆ ಮನೆಯಲ್ಲಿ ಹೊರಗೆ ಬರಲು ಬೇರೆ ದಾರಿ ಇರಲಿಲ್ಲ ಎಂದು ಇವತ್ತಿಗೂ ನಂಬಿದ್ದೇನೆ.

ಹಡಗಲಿಯಲ್ಲಿ ನಾಟಕದ ಗಾಳಿಯೂ ಬಲವಾಗಿತ್ತು. ರಾಜಕಾರಣದಲ್ಲಿದ್ದೂ ಸಾಹಿತ್ಯ, ರಂಗಭೂಮಿಯ ಸಂಗ ಬಿಡದ ಎಂ.ಪಿ. ಪ್ರಕಾಶ್ ಅವರು ಕಟ್ಟಿದ ರಂಗಭಾರತಿ ಆ ಊರಿನದು. ನಾಟಕ ನೋಡಿ ಬಂದವರು ಮರುದಿನ ಅದರ ಪುಸ್ತಕ ಹುಡುಕುತ್ತಿದ್ದರು.

ಕೊಟ್ಟೂರಿನ ವಿಷಯಕ್ಕೆ ಬಂದರೆ ಕುಂ. ವೀರಭದ್ರಪ್ಪನವರನ್ನು ಬಿಟ್ಟು ಮಾತಾಡುವಂತಿಲ್ಲ. 1953ರಲ್ಲಿ ಕೊಟ್ಟೂರಿನಲ್ಲಿ ಹುಟ್ಟಿ, ಆಂಧ್ರದ ವಾಗಿಲಿಯಲ್ಲಿ ಮೇಷ್ಟರಾಗಿದ್ದು, ಈ ಸೀಮೆಯ ಜನ, ಜಾತ್ರೆ, ಬರ, ಬಡತನ ಎಲ್ಲವನ್ನೂ ಕನ್ನಡದ ತುಂಬ ಹರಡಿದವರು. ಅವರ ಪುಸ್ತಕ ಹೊಸದಾಗಿ ಬಂದರೆ ಕೊಟ್ಟೂರಿನಲ್ಲಿ ಓದುವ ರೀತಿಯೇ ಬೇರೆ. ಮಿರ್ಚಿ-ಮಂಡಕ್ಕಿ ಅಂಗಡಿಯ ಬೆಂಚಿನ ಮೇಲೆ, "ಇದು ಇಂಥಾ ಓಣಿ ಮಾತು", "ಈ ಬೈಗುಳ ನಮ್ಮವ್ವಂದು" ಎಂದು ಜನ ತಮ್ಮ ಪಾಲು ಗುರುತಿಸುತ್ತಾರೆ. ಲೇಖಕ ಕಲ್ಪಿಸಿದ್ದನ್ನೂ ಕೆಲವರು ನಡೆದದ್ದೇ ಎಂದು ಸಾಧಿಸುವುದುಂಟು.

ಅವರ 'ಅರಮನೆ'ಗೆ 2007ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ನಮ್ಮ ಬಳಗದಲ್ಲಿ ಹಲವರು ಏಕಕಾಲಕ್ಕೆ ಓದಲು ಹಿಡಿದರು. ಅರ್ಧದಷ್ಟು ಮಂದಿ ಮೊದಲ ಪುಟಗಳಲ್ಲೇ ಏದುಸಿರು ಬಿಟ್ಟರು. ವಾಕ್ಯ ನಿಲ್ಲುವುದೇ ಇಲ್ಲ, ಉಸಿರು ತೆಗೆದುಕೊಳ್ಳಲು ಜಾಗವಿಲ್ಲ. ಆಗ ಕಂದಾಯ ಇಲಾಖೆಯಿಂದ ನಿವೃತ್ತರಾದ ಒಬ್ಬ ಹಿರಿಯರು ಹೇಳಿದರು: "ಕಣ್ಣಿಲೆ ಓದಬ್ಯಾಡ್ರೀ ಅದನ್ನ, ಬಾಯಿಲೆ ಓದ್ರಿ." ಅವರೇ ಎರಡು ಪುಟ ಓದಿ ತೋರಿಸಿದರು. ಕಟ್ಟೆಯ ಮೇಲೆ ಕೂತ ಅಜ್ಜ ಕಥೆ ಹೇಳಿದ ಹಾಗೆ ಎಲ್ಲವೂ ಬಿಡಿಸಿಕೊಂಡಿತು. ನಿಜಾಮ 1800ರಲ್ಲಿ ಕುಂಪಣಿಗೆ ಬಿಟ್ಟುಕೊಟ್ಟ ದತ್ತಮಂಡಲಕ್ಕೆ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ ಆ ಕಾದಂಬರಿಯಲ್ಲಿ ಬರುತ್ತಾನೆ. ಈ ಹಿರಿಯರು ಜೀವಮಾನವಿಡೀ ಕಂದಾಯದ ಕಾಗದಪತ್ರ ನೋಡಿದವರು, ಮನ್ರೋ ತಂದ ರೈತವಾರಿ ಪದ್ಧತಿಯ ಬೇರು ಅವರಿಗೆ ಗೊತ್ತು. ನಡುವಿನಲ್ಲಿದ್ದಾಗ ಅವರು ಹೇಳಿದ ಮಾತಿದು: "ಕಾಗದದಾಗ ಮನ್ರೋ ಬರೇ ಸಹಿ. ಇಲ್ಲಿ ಅವಗ ಜ್ವರ ಬರತಾವ, ನಿದ್ದಿ ಕೆಡತೈತಿ. ನನಗ ಅಂವನ ಬಗ್ಗೆ ಏನ್ ಅನ್ನಿಸಬೇಕು ಅಂತ ತಿಳೀವಲ್ದು." ಪುಸ್ತಕ ಮುಗಿಸಿದ ಮೇಲೆ ಅವರು ಬಹಳ ಚೆಂದವಾಗಿ, ಅಧ್ಯಕ್ಷ ಭಾಷಣದ ರೀತಿಯಲ್ಲಿ, ಅಭಿಪ್ರಾಯ ಹೇಳಿದರು. ಆ ಭಾಷಣದ ಒಂದು ಸಾಲೂ ನನಗೆ ನೆನಪಿಲ್ಲ. "ತಿಳೀವಲ್ದು" ಎಂದದ್ದು ಮಾತ್ರ ಉಳಿದಿದೆ.

ಈಗ ಪುಸ್ತಕದ ಮಾತು ಕಡಿಮೆಯಾಗಿದೆ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಅರಿವು ಕೇಂದ್ರಗಳಾದ ಮೇಲೆ ಹಳ್ಳಿಯ ಮಕ್ಕಳು ಅಲ್ಲಿ ಕೂತು ಓದುವುದನ್ನು ಕಣ್ಣಾರೆ ಕಂಡಿದ್ದೇನೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯ 1991ರಲ್ಲಿ ಶುರುವಾದ ಮೇಲೆ ಅಲ್ಲಿನ ಪ್ರಸಾರಾಂಗದ ಪುಸ್ತಕಗಳು ರಿಯಾಯಿತಿಯಲ್ಲಿ ನಮ್ಮ ಮನೆಗಳಿಗೆ ಬಂದವು. ನನ್ನ ಕಾಳಜಿ ಬೇರೆಯದು. ಓದಿದವರೆಲ್ಲ ಈಗ ಮುಗಿಸಿದ ಮೇಲೆಯೇ ಬಾಯಿ ಬಿಡುತ್ತಾರೆ. ಮುಖಪುಟದ ಫೋಟೋ, ಎರಡು ಸಾಲಿನ ಮೆಚ್ಚುಗೆ, ಅಲ್ಲಿಗೆ ಆಯಿತು. ನಡುವಿನ ಗೊಂದಲ, ಬೇಸರ, ತಿಳಿಯದ್ದು, ಸಿಟ್ಟು, ಇವನ್ನು ಯಾರೂ ಹಂಚಿಕೊಳ್ಳುತ್ತಿಲ್ಲ. ಓದಿನ ರುಚಿ ಇರುವುದೇ ಅಲ್ಲಿ. ಹಾಗಾಗಿ ನಿವೃತ್ತಳಾದ ಮೇಲೆ ನಾನು ಮನೆಯಲ್ಲಿ ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ. ನನ್ನ ಪುಸ್ತಕ ಒಯ್ದವರು ಅರ್ಧಕ್ಕೆ ಒಮ್ಮೆ ಬಂದು ಮಾತಾಡಿ ಹೋಗಬೇಕು.

ಈಚೆಗೆ ಹಾಗೆ ಬಂದವಳು ನಮ್ಮ ಬೀದಿಯಲ್ಲಿ ಬಟ್ಟೆ ಹೊಲಿಯುವ ಹೆಣ್ಣುಮಗಳು. ಅವಳ ಕೈಯಲ್ಲಿದ್ದದ್ದು ಮಂಜಮ್ಮ ಜೋಗತಿಯವರ ಆತ್ಮಕಥನ 'ನಡುವೆ ಸುಳಿವ ಹೆಣ್ಣು'. ಮಂಜಮ್ಮನವರು ಹೇಳಿದ್ದನ್ನು ಅರುಣ್ ಜೋಳದಕೂಡ್ಲಿಗಿಯವರು ಅಕ್ಷರಕ್ಕಿಳಿಸಿದ ಪುಸ್ತಕ. ಮಂಜಮ್ಮನವರ ಮರಿಯಮ್ಮನಹಳ್ಳಿ ನಮಗೆ ಪಕ್ಕದ ಊರು. ಅವರ ಎಲ್ಲಮ್ಮನ ಆಟವನ್ನು ಇವಳು ಚಿಕ್ಕವಳಿದ್ದಾಗ ನೋಡಿದವಳು. 2021ರಲ್ಲಿ ಮಂಜಮ್ಮನವರು ಪದ್ಮಶ್ರೀ ತೆಗೆದುಕೊಳ್ಳುವಾಗ ರಾಷ್ಟ್ರಪತಿಗಳಿಗೇ ಸೆರಗಿನಿಂದ ದೃಷ್ಟಿ ತೆಗೆದದ್ದನ್ನು ಟೀವಿಯಲ್ಲಿ ಕಂಡು ಊರಿಗೆಲ್ಲ ಹೇಳಿಕೊಂಡು ಬಂದವಳು. ಅಂದು ಮಾತ್ರ ಅವಳ ಮುಖ ಬಿಗಿದಿತ್ತು. "ಟೀಚರ್ರೇ, ಆಟ ನೋಡಿ ಚಪ್ಪಾಳಿ ಹೊಡೆದ್ವಿ. ಇವ್ರು ಊಟ ಮಾಡ್ಯಾರೋ ಇಲ್ಲೋ ಅಂತ ಒಬ್ರೂ ಕೇಳಲಿಲ್ಲಲ್ರೀ. ಮನಿ ಬಿಟ್ಟು ಬಂದಿದ್ದು ಓದಿ ನಿನ್ನೆ ಮಿಷನ್ನೇ ತುಳಿಲಿಲ್ಲ ನಾನು. ಅವ್ರ ಅಪ್ಪ-ಅವ್ವನ ಮ್ಯಾಲ ಭಾಳ ಸಿಟ್ಟು ಬಂದೈತಿ."

ನನಗೆ ಆ ತಂದೆತಾಯಿಯ ಬಗ್ಗೆ ಅಷ್ಟು ಸಿಟ್ಟು ಬಂದಿರಲಿಲ್ಲ. ಅವರ ಹೆದರಿಕೆಯೂ ನನಗೆ ಕಂಡಿತ್ತು, ಅದನ್ನೇ ಹೇಳಿದೆ. ಅವಳು ಒಪ್ಪಲಿಲ್ಲ. "ಹೆದರಿಕಿ ಎಲ್ಲಾರ್ಗೂ ಇರತೈತಿ, ಮಗುವಿಗೆ ಎಷ್ಟಿರಬೇಕು?" ಎಂದಳು. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ, ಇನ್ನೂ ಯೋಚಿಸುತ್ತಿದ್ದೇನೆ. ಹೊರಡುವಾಗ ಇನ್ನೊಂದು ಪ್ರತಿ ತರಿಸಿಕೊಡಿ ಎಂದು ದುಡ್ಡು ಮೇಜಿನ ಮೇಲಿಟ್ಟಳು. ಹರಪನಹಳ್ಳಿಯಲ್ಲಿರುವ ನಾದಿನಿಗೂ ಕಳಿಸಬೇಕಂತೆ, ಫೋನಿನಲ್ಲಿ ಇಬ್ಬರೂ ಒಟ್ಟಿಗೆ ಓದಿ ಮಾತಾಡುತ್ತಾರಂತೆ. ಹೊಸಪೇಟೆಯ ಪುಸ್ತಕದಂಗಡಿಗೆ ಹೇಳಿದ್ದೇನೆ, ಗುರುವಾರದ ಬಸ್ಸಿಗೆ ಬರುತ್ತದೆ.